ಗಂಡನ ಹೆಸರು ಹೇಳದೆ ಓಟು ಹಾಕಿದ ಓಣಿ

ನಾನು ಸುಮ್ಮನೆ ಕೂತರೂ ನಗೆಗೇಡು ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಮೂರನೇ ಫಾರಮ್ಮಿಗೇ ಶಾಲೆಗೆ ಶರಣು ಹೊಡೆದವನು ನಾನು. ‘ಓದಂತೂ ಹತ್ತಲಿಲ್ಲ, ನೀರಾದರೂ ಹೊರು’ ಅಂತ ಅವ್ವ ದಿನಕ್ಕೆ ಹತ್ತು ಕೊಡ ನನ್ನ ಹೆಗಲಿಗೆ ಹಾಕಿದಳು. ಹೊಸಪೇಟೆಯ ನಮ್ಮ ಓಣಿಯಲ್ಲಿ ಬಾವಿಯಿಲ್ಲ, ಬಸವಣ್ಣ ಕಾಲುವೆಯೇ ಗತಿ. ಹೋದ ಸಲ ಊರು ನೋಡಿಕೊಳ್ಳುವ ಬೋರ್ಡಿನ ಇಲೆಕ್ಷನ್ನಿನಲ್ಲಿ ನಮ್ಮ ಓಣಿಯವರು ಓಟು ಹಾಕದೆ ಮಲಗಿದ್ದರು. ಮೇಲಿನ ಓಣಿಯ ಅಕ್ಕಿ ಮಿಲ್ಲಿನ ಸಾಹುಕಾರ ಗೆದ್ದ, ಬೋರ್ಡಿನ ಬಾವಿ ಅವನ ಮನೆ ಮುಂದೆ ಬಿತ್ತು. ಈ ಸಲ ಅವನ ಎದುರಿಗೆ ನಮ್ಮ ಸೋದರಮಾವ, ಬಳೆ ಅಂಗಡಿಯವನು, ನಿಂತ. ಮಾವ ಗೆದ್ದರೆ ಓಣಿಗೆ ಬಾವಿ, ಸೋತರೆ ಇನ್ನೂ ಮೂರು ವರ್ಷ ನನ್ನ ಹೆಗಲು. ಜನರನ್ನು ಎಬ್ಬಿಸಿ ಓಟು ಹಾಕಿಸಲು ನಾನು ಟೊಂಕ ಕಟ್ಟಿದ್ದು ದೇಶಭಕ್ತಿಗಲ್ಲ.

೧. ಸತ್ತವರ ಪಟ್ಟಿ

ಮೊದಲು ಡಂಗುರದ ಅಜ್ಜನನ್ನು ಹಿಡಿದೆ. ಬೋರ್ಡಿನವರು ಅವನಿಗೆ ಹೇಳಿಕೊಟ್ಟದ್ದು, ‘ಮುಂದಿನ ಸೋಮವಾರ ಓಟು, ಎಲ್ಲರೂ ಬರ್ರಿ’ ಅಂತ ಅಷ್ಟೇ. ನಾನು ಎರಡು ಬೀಡಿ ಕೊಟ್ಟು, ಅದಕ್ಕೊಂದು ಬಾಲ ಹಚ್ಚಿದೆ. ಅಜ್ಜ ಹಲಗೆ ಬಾರಿಸುತ್ತಾ ಓಣಿ ಓಣಿ ಕೂಗಿದ: “ಓಟು ಹಾಕದವರನ್ನ ಸತ್ತವರ ಪಟ್ಟೀಗೆ ಸೇರಸ್ತಾರಂತ್ರೆಪೋ!”

ಮರುದಿನ ಬೆಳಗಾಗುತ್ತಲೇ ಬೋರ್ಡಿನ ಕಚೇರಿ ಮುಂದೆ ಜಾತ್ರೆ. ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು ನಮ್ಮ ಓಣಿಯ ತುದಿಮನೆ ಮುದುಕ.

“ನಾ ಜೀವಂತ ಅದೀನ್ರಿ, ಬರಕೋರಿ.”

ಗುಮಾಸ್ತ ತಲೆ ಚಚ್ಚಿಕೊಂಡ. “ಓಟು ಇನ್ನೂ ಆರು ದಿನ ಐತಜ್ಜ. ಅವತ್ತು ಬಾ.”

“ಬರ್ತೀನಿ. ಆದ್ರ ಅಲ್ಲೀತನಕ ನಾನು ಇದ್ದವರಾಗೋ, ಸತ್ತವರಾಗೋ? ಮನ್ಯಾಗ ರೊಟ್ಟಿ ಬಡಿಯೋಕಿ ಕೇಳಾಕತ್ಯಾಳ.”

೨. ಅತ್ತಿಯ ಪ್ರಚಾರ

ಈ ಸಲ ತೆರಿಗೆ ಕಟ್ಟುವವರ ಹೆಂಡಂದಿರಿಗೂ ಓಟಿತ್ತು. ಹೆಂಗಸರನ್ನು ಕೇಳಲು ಮಾವನ ಹೆಂಡತಿ, ನಮ್ಮ ಅತ್ತಿ, ಕುಂಕುಮದ ಭರಣಿ ಹಿಡಿದು ಹೊರಟಳು. ಅತ್ತಿಗೆ ಬಾಯಿ ಜೋರು. ಆದರೆ ಗಂಡನ ಹೆಸರು ಹೇಳುವ ಹೆಂಗಸು ನಮ್ಮ ಸೀಮೆಯಲ್ಲೇ ಇಲ್ಲ.

ಎದುರು ಮನೆ ಅಜ್ಜಿ ಬೇಕಂತಲೇ ಕೇಳಿದಳು. “ಯಾರಿಗೆ ಹಾಕ್ಬೇಕವ್ವಾ ಓಟು?”

“ಅವರಿಗೆ.”

“ಅವರು ಅಂದ್ರ?”

“ಅವರರೀ... ನಮ್ಮ ಮನ್ಯಾಗ ಇರ್ತಾರಲ್ಲ.”

“ನಿಮ್ಮ ಮನ್ಯಾಗ ನಿಮ್ಮ ಮಾವ, ಮೈದುನ, ಬಾಡಿಗಿ ಮಾಸ್ತರ ಎಲ್ಲಾರೂ ಅದಾರ.”

ಅತ್ತಿ ಕೆಂಪಗಾದಳು. “ಗೊರಕಿ ಹೊಡೀತಾರಲ್ಲ, ಅವರು!”

“ಹಂಗಂದ್ರ ನಿಮ್ಮ ಮಾವನೇ ಬಿಡು. ಆತನ ಗೊರಕಿ ನಮ್ಮ ಮನೀಗೂ ಕೇಳಸ್ತೈತಿ.”

ಕೊನೆಗೆ ನಾನೇ ದಾರಿ ತೋರಿಸಿದೆ. ಓಟಿನ ಕೋಣೆಯಲ್ಲಿ ಸಾಹುಕಾರನದು ಕೆಂಪು ಪೆಟ್ಟಿಗೆ, ಮಾವನದು ಹಸಿರು. ಅತ್ತಿ ಮಾತಾಡುವುದನ್ನೇ ಬಿಟ್ಟು, ಮನೆ ಮನೆಗೆ ಹೋಗಿ ಕೈ ತುಂಬ ಇದ್ದ ಹಸಿರು ಬಳೆ ಗಲ್ ಅನ್ನಿಸಿ ಬಂದಳು. ಅತ್ತಿ ಬಾಯಿ ಮುಚ್ಚಿಕೊಂಡು ಇಡೀ ಓಣಿ ಸುತ್ತಿದ್ದು ಅದೇ ಮೊದಲು ಅಂತ ಮಾವ ಈಗಲೂ ಹೇಳುತ್ತಾನೆ, ಅತ್ತಿ ಅಂಗಳದಲ್ಲಿ ಇಲ್ಲದಾಗ.

೩. ಸಂಡೂರಿನ ಬೀಗರು

ಓಟಿನ ದಿನ ನೆರೆಮನೆಗೆ ಸಂಡೂರಿನಿಂದ ಬೀಗರೊಬ್ಬರು ಬಂದಿದ್ದರು. ಅವರದು ರಾಜರ ಸೀಮೆ, ಅಲ್ಲಿ ಓಟಿನ ಹೆಸರೇ ಇಲ್ಲ. ಓಟು ನಡೆದ ಶಾಲೆಯ ಬಾಗಿಲಲ್ಲಿ ಅಕ್ಕಿ ಮಿಲ್ಲಿನ ಸಾಹುಕಾರ ಬಂದವರಿಗೆಲ್ಲ ಸೊಂಟ ಬಗ್ಗಿಸಿ ಕೈ ಮುಗಿಯುವುದನ್ನು ಕಂಡು ಬಾಯಿ ಬಿಟ್ಟು ನಿಂತರು. ಆಮೇಲೆ ಸೀದಾ ಸಾಲಿನಲ್ಲಿ ಸೇರಿಕೊಂಡರು. ಒಳಗೆ ಆಫೀಸರು ಪಟ್ಟಿ ತಿರುವಿ, “ನಿಮ್ಮ ಹೆಸರು ಇದರಲ್ಲಿ ಇಲ್ಲವಲ್ಲ” ಅಂದರು.

“ಇಲ್ಲದಿದ್ರ ಇರವಲ್ದು ಬಿಡ್ರಿ. ಅಷ್ಟು ದೊಡ್ಡ ಸಾಹುಕಾರ ನನಗ ಕೈ ಮುಗದ್ನಲ್ಲ, ಇನ್ನೊಂದು ಸುತ್ತು ಹೋಗಿಬರ್ಲೇನು?”

೪. ಹಂಪಿಯಲ್ಲಿರುವವನು

ಮಧ್ಯಾಹ್ನ ನಮ್ಮ ಓಣಿಯ ಹೆಂಗಸರು ಗುಂಪಾಗಿ ಬಂದರು. ಪಟ್ಟಿಯಲ್ಲಿ ಅವರನ್ನೆಲ್ಲ ‘ಇಂಥವನ ಹೆಂಡತಿ’ ಅಂತ ಬರೆದಿದ್ದರು. ಆಫೀಸರು ಮದರಾಸಿನ ಕಡೆಯವರು, ಪುಸ್ತಕದ ಕನ್ನಡ.

“ಅಮ್ಮ, ತಮ್ಮ ಗಂಡನ ಹೆಸರೇನು?”

ಮೊದಲನೆಯವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. “ಹಂಪ್ಯಾಗ ಕುಂತಾನಲ್ರಿ, ಆತನ ಹೆಸರು.”

“ಗಂಡ ಹಂಪಿಯಲ್ಲಿದ್ದರೆ ತಾವೂ ಅಲ್ಲೇ ಹೋಗಿ ಓಟು ಹಾಕಬೇಕಮ್ಮ.”

ಎರಡನೆಯವಳದೂ ಅದೇ ಉತ್ತರ. ಮೂರನೆಯವಳದೂ ಅದೇ. ಹಂಪಿ ದೇವರ ಹೆಸರಿಡದ ಮನೆ ನಮ್ಮಲ್ಲಿ ಕಡಿಮೆ. ಓಣಿಯಲ್ಲಿ ಕಲ್ಲು ಒಗೆದರೆ ಪಂಪಾಪತಿಗೇ ಬೀಳುತ್ತದೆ. ಮಾವನೂ ಪಂಪಾಪತಿಯೇ. ಆಫೀಸರು ಪೆನ್ನು ಕೆಳಗಿಟ್ಟು, “ಹಂಪಿಯಲ್ಲಿ ಕೂತಿರುವ ಆ ಮಹಾನುಭಾವನಿಗೆ ಒಟ್ಟು ಎಷ್ಟು ಹೆಂಡಿರು?” ಅಂದರು.

ಹೆಂಗಸರು ಸಿಟ್ಟಾಗಿ ಮನೆ ಕಡೆ ತಿರುಗಿದರು. ನನಗೆ ಬಾವಿಯೇ ಎದ್ದು ಹೊರಟುಹೋದಂತಾಯಿತು. ಓಡಿಹೋಗಿ ಪಕ್ಕದ ಮನೆಯ ಐದು ವರ್ಷದ ಪುಟ್ಟನನ್ನು ಎತ್ತಿಕೊಂಡು ಬಂದೆ. ಅವನಪ್ಪನೂ ಪಂಪಾಪತಿ. “ಯಾರ ಹೆಸರು ಕೇಳಿದ್ರೂ ನಿಮ್ಮಪ್ಪನ ಹೆಸರು ಹೇಳು, ಮಗನ” ಅಂತ ಪೆಪ್ಪರಮೆಂಟು ಕೊಟ್ಟು ಒಬ್ಬೊಬ್ಬಳ ಕಂಕುಳಿಗೆ ಏರಿಸಿ ಒಳಗೆ ಕಳಿಸಿದೆ. ಮನೆ ನಂಬರು ಸರಿ ಇತ್ತು, ಹೆಸರೂ ಸರಿ ಇತ್ತು, ಆಫೀಸರು ಚೀಟಿ ಕೊಡಲೇಬೇಕು.

ನಾಲ್ಕನೇ ಸಲ ಅದೇ ಮುಖ ಕಂಡಾಗ ಅವರು ಕನ್ನಡಕ ತೆಗೆದರು. “ಮಗು, ನಿನಗೆ ಎಷ್ಟು ಮಂದಿ ಅಮ್ಮಂದಿರಪ್ಪ?”

ಪುಟ್ಟ ಪೆಪ್ಪರಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ. “ಇನ್ನೂ ಇಬ್ರು ಹೊರಗ ಅದಾರ್ರಿ.”

೫. ಹೇಳಬೇಡಿ ಅಮ್ಮ

ಕೊನೆಗೆ ಬಂದವಳು ಅತ್ತಿ. ಆಫೀಸರು ಬಾಯಿ ತೆರೆಯುವಷ್ಟರಲ್ಲಿ ಸಾಹುಕಾರನ ಏಜೆಂಟು ಎದ್ದು ನಿಂತ. “ಸಾರ್, ಇಲೆಕ್ಷನ್ನಿಗೆ ನಿಂತವರ ಹೆಸರು ಓಟಿನ ಕೋಣ್ಯಾಗ ಎತ್ತಬಾರದು ಅಂತ ಕಾಯ್ದೆ ಐತಿ. ಆ ಪೆಪ್ಪರಮೆಂಟಿನ ಹುಡುಗ ಆವಾಗಿಂದ ಪಂಪಾಪತಿ, ಪಂಪಾಪತಿ ಅಂತ ಭಜನಿ ಹಚ್ಯಾನ. ಈಗ ನಿಂತವನ ಹೆಂಡ್ತೀನೇ ಬಂದಾಳ. ಇದು ಪ್ರಚಾರ ಅಲ್ಲದ ಮತ್ತೇನ್ರಿ?”

ಆಫೀಸರು ಕಾಯ್ದೆ ಪುಸ್ತಕ ತಿರುವಿದರು, ಬೆವರು ಒರೆಸಿಕೊಂಡರು. ಕಡೆಗೆ ಎದ್ದು ಅತ್ತಿಗೆ ಎರಡೂ ಕೈ ಮುಗಿದರು. “ಅಮ್ಮ, ದಯವಿಟ್ಟು ತಮ್ಮ ಗಂಡನ ಹೆಸರನ್ನು ಮಾತ್ರ ಇಲ್ಲಿ ಹೇಳಬೇಡಿ.”

ಅತ್ತಿ ಸೊಂಟದ ಮೇಲೆ ಕೈಯಿಟ್ಟಳು. “ನಾವು ಇಷ್ಟೊತ್ತು ಬಡಕೊಂಡಿದ್ದು ಅದನ್ನೇ ಅಲ್ಲೇನ್ರಿ!”

ಚೀಟಿ ಕಸಿದುಕೊಂಡು ಒಳಗೆ ಹೋಗಿ ಹಸಿರು ಪೆಟ್ಟಿಗೆಗೆ ಹಾಕಿ ಬಂದಳು.

ಮಾವ ಗೆದ್ದ, ಬರೀ ಐದು ಓಟಿನಿಂದ. ಮಳೆಗಾಲಕ್ಕೆ ಮುಂಚೆ ಓಣಿಯ ನಡುವೆ ಬಾವಿ ಬಿತ್ತು, ಸಿಹಿನೀರು. ಬೋರ್ಡಿನವರು ಕಟ್ಟೆಗೆ ಕಲ್ಲು ಕೂರಿಸಿ, ಗೆದ್ದವನ ಗೌರವಕ್ಕೆ ‘ಪಂಪಾಪತಿ ಬಾವಿ’ ಅಂತ ಕೆತ್ತಿಸಿದರು. ಈಗ ಓಣಿಯ ಅರ್ಧಕ್ಕರ್ಧ ಹೆಂಗಸರು ಅದರ ಹೆಸರು ಹೇಳುವಂತಿಲ್ಲ. ಕೊಡ ಹೊತ್ತು ಹೊರಟವರನ್ನು ‘ಎಲ್ಲಿಗೆವ್ವಾ?’ ಅಂತ ಯಾರಾದರೂ ಕೇಳಿದರೆ, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳುತ್ತಾರೆ:

“ಅವರೊಳಗಿಂದ ಎರಡು ಕೊಡ ಸೇದಿಕೊಂಡು ಬರ್ತೀನ್ರಿ.”