ಗದ್ದದ ಮಚ್ಚೆ

ವೃಷಭ ಆ ಒಂದು ಮಚ್ಚೆ ಇಡದೇ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಚಳಿಗಾಲವಿಡೀ ಅವನು ತನ್ನ ಹಳ್ಳಿ ಖಂಡೇರಾಜುರಿಯ ಮನೆಯಲ್ಲಿ ಕುಳಿತು, ಕಪ್ಪು ಶಾಯಿಯಲ್ಲಿ ನಿಬ್ಬು ಅದ್ದಿ ಅದ್ದಿ ಒಂದು ಕಾಮಿಕ್ಸ್ ಬರೆದಿದ್ದ. ಕತೆ ಇಷ್ಟೇ: ಹೊತ್ತು ಮುಳುಗಿದ ಮೇಲೆ ಉಣ್ಣದ ಒಂದು ಜೈನರ ಮನೆ. ತಾಟು ಹಾಕುವ ವೇಳೆಗೇ, ತಾನು ಉಂಡು ಬಂದ ನೆರೆಮನೆಯ ಕಾಕಿ ಹೊಸ್ತಿಲಲ್ಲಿ ಕೂರುತ್ತಾಳೆ. ಸೂರ್ಯ ಮುಳುಗುತ್ತಾನೆ, ಮಾತು ಮುಗಿಯುವುದಿಲ್ಲ. ಮನೆಮಂದಿ ಉಪವಾಸ ಮಲಗುತ್ತಾರೆ. ಆ ಕಾಕಿಯ ಗದ್ದಕ್ಕೆ ಅವನ ಕೈ ತಾನಾಗಿಯೇ ಒಂದು ಮಚ್ಚೆ ಇಟ್ಟಿತ್ತು. ಪಕ್ಕದ ಮನೆಯ ಶಾಲನಕಾಕಿಗೆ ಇರುವಂಥದೇ.

ಪೇಟೆಯ ವಿಶ್ರಾಮಬಾಗದಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ನಿಲೇಶ ಶಾಲನಕಾಕಿಯ ಅಕ್ಕನ ಮಗ. ವೃಷಭ ಪ್ರತಿ ತೆಗೆಸಲು ತಂದ ಹಾಳೆಗಳಲ್ಲಿ ಮೊದಲನೆಯದನ್ನು ಗಾಜಿನ ಮೇಲಿಡುವಾಗಲೇ ನಿಲೇಶನ ಕೈ ನಿಂತಿತು.

"ಅಯ್ಯಯ್ಯ! ಇಕಿ ನಮ್ಮ ಮಾವಶಿ ಅಲ್ಲೇನೋ?"

"ಯಾರೂ ಅಲ್ಲೋ ಮಾರಾಯ, ಸುಮ್ಮ ತಗದೇನಿ."

ನಿಲೇಶ ಅಷ್ಟರಲ್ಲಿ ಫೋನು ಹಚ್ಚಿದ್ದ. "ಮಾವಶಿ, ವೃಷಭ ತನ್ನ ಪುಸ್ತಕದಾಗ ನಿನ್ನ ಹಾಕ್ಯಾನ! ಸಂಜಿಕ ಹೋಗಿ ನೋಡು."

ವೃಷಭನ ಕಿವಿಗಳು ಕಾದ ಹಂಚಿನಂತಾದವು. ಮೊನ್ನೆ ಜ್ವರದಲ್ಲಿ ಬಿದ್ದಾಗ ಗಂಜಿ ಕಾಸಿ ತಂದವಳು ಅದೇ ಕಾಕಿ. ಹಾಳೆಗಳನ್ನು ಕಿತ್ತುಕೊಂಡು ಊರಿಗೆ ಸಿಕ್ಕ ಬಸ್ಸು ಹತ್ತಿದ.

ಪಡಸಾಲೆಯಲ್ಲಿ ತಾಯಿ ಜಿನಮತಿ ಜೋಳ ಹಸನು ಮಾಡುತ್ತಿದ್ದಳು. ಅವಳ ಎದುರಿಗೇ ಹಾಳೆ ಹರವಿ, ಬಿಳಿ ಬಣ್ಣದಿಂದ ಮಚ್ಚೆ ಮುಚ್ಚಿದ. ಕಾಕಿಯ ಗುಂಡು ಮುಖ ಕೆಡಿಸಿದ. ಇನ್ನೊಂದು ಮುಖ ಹೊಳೆಯದೆ ಆಗಾಗ ತಲೆ ಎತ್ತಿ ಸುಮ್ಮನೆ ಎದುರಿಗೆ ನೋಡುತ್ತಿದ್ದ, ಮತ್ತೆ ಗೀರುತ್ತಿದ್ದ. ಕನ್ನಡಕ ಬಂತು, ಮೂಗು ಬೆಳೆಯಿತು, ಕೆನ್ನೆ ಒಳಸರಿಯಿತು.

"ಏನ್ ಅಷ್ಟ ಅವಸರಾ? ಒಂದ್ ಗುಟುಕು ನೀರರೇ ಕುಡಿಯೋ," ಎಂದಳು ಜಿನಮತಿ.

ಶಾಯಿ ಆರುವಷ್ಟರಲ್ಲಿ ಶಾಲನಕಾಕಿ ಬಂದು ಹೊಸ್ತಿಲಲ್ಲಿ ಕೂತಳು.

"ತಾರೋ, ನೋಡೂಣು. ನನ್ನ ಚಿತ್ರಾ ತಗದೀಯಂತ?"

ಕಳ್ಳ ಪೊಲೀಸನ ಕೈಗೆ ಗಂಟು ಕೊಡುವಂತೆ ವೃಷಭ ಹಾಳೆ ಕೊಟ್ಟ. ಕಾಕಿ ಒಂದೊಂದೇ ತಿರುವಿದಳು. ಆಮೇಲೆ ನಕ್ಕ ನಗೆಗೆ ಕಟ್ಟೆಯ ಮೇಲಿನ ಬೆಕ್ಕು ಎದ್ದು ಓಡಿತು.

"ಆ ನಿಲೇಶಗ ಕಣ್ಣಿಲ್ಲ! ಇದರಾಗ ನಾ ಎಲ್ಲಿ ಅದೇನಿ? ಜಿನಮತಿ, ಇಕಿ ನೀನ ಅದೀಯಲ್ಲ!"

ವೃಷಭ ಬಗ್ಗಿ ನೋಡಿದ. ಹೌದು. ಪ್ರತಿ ಹಾಳೆಯ ಹೊಸ್ತಿಲಲ್ಲೂ ಅವನ ತಾಯಿಯೇ ಕೂತಿದ್ದಳು.

"ಸಿಟ್ಟ ಆಗಬ್ಯಾಡ, ಖರೇ ಹೇಳ್ತೇನಿ," ಎಂದಳು ಕಾಕಿ ಕಣ್ಣೊರೆಸಿಕೊಳ್ಳುತ್ತ. "ಸಂಜಿಕ ನಮ್ಮ ಮನಿಗೆ ಬಂದು ಕುಂತಿ ಅಂದ್ರ ನೀ ಏಳಾಂಗಿಲ್ಲ. ಹೊತ್ತ ಮುಳುಗಿ ನಾವೂ ಎಷ್ಟೋ ಸರ್ತಿ ಉಪಾಸ ಮಲಗೇವಿ! ಹೇಳಾಕ ನನಗ ಬಾಯಿ ಬರಲಿಲ್ಲ. ನಿನ್ನ ಮಗಾ ಶಾಣ್ಯಾ, ಚಿತ್ರಾ ತಗದು ಹೇಳ್ಯಾನ."

ಜಿನಮತಿ ಮೊರ ಬದಿಗಿಟ್ಟಳು. ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನನ್ನ ಮೂಗ ಇಷ್ಟ ದೊಡ್ಡದೈತೇನೋ?" ಎಂದಳು ಮೆಲ್ಲಗೆ.

ಇದು ನೀನಲ್ಲ ಅನ್ನಲು ವೃಷಭ ಬಾಯಿ ತೆರೆದ. ಹಾಗಾದರೆ ಮತ್ಯಾರು ಎಂದು ಕೇಳಲು ಕಾಕಿ ಎದುರಿಗೇ ಕೂತಿದ್ದಳು.

"ಸಣ್ಣ ಮಾಡ್ತೇನಿ, ಅವ್ವಾ," ಎಂದ.