ಗಾಳಿಕಿಂಡಿಗೆ ನಾನೇ ಕಾವಲು

‘ಈ ಸಲದ ಚಳಿಗೆ ನಮ್ಮ ಮನೆಯಲ್ಲಿ ಕಟ್ಟಿಗೆ ಒಲೆ ಉರಿಯುತ್ತದೆ. ಬರೀ ಉರಿಯುವುದಲ್ಲ, ಈ ಬೀದಿಯಲ್ಲೇ ಅದಕ್ಕಿಂತ ಸುರಕ್ಷಿತವಾದ ಒಲೆ ಇನ್ನೊಂದಿರುವುದಿಲ್ಲ. ಅದರ ಜವಾಬ್ದಾರಿ ಪೂರ್ತಿ ನನ್ನದು’ ಎಂದು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಒಂದೇ ಎಳೆದಿದ್ದರೆ ಸಾಕಿತ್ತು ಎಂದು ಈಗ ಅನಿಸುತ್ತಿದೆ.

ಇಷ್ಟಕ್ಕೆಲ್ಲ ಮೂಲ ನನ್ನ ಮಗಳು ಪುಟ್ಟಿಯ ಕೆಮ್ಮು. ಹೋದ ಚಳಿಗಾಲದಲ್ಲಿ ನಮ್ಮ ಹಾಲ್ ಎಷ್ಟು ತಣ್ಣಗಿತ್ತೆಂದರೆ, ಫ್ರಿಜ್ಜಿನ ಬಾಗಿಲು ತೆಗೆದರೆ ಬೆಚ್ಚಗಾಗುತ್ತದೇನೋ ಎಂಬ ಅನುಮಾನ ಬರುತ್ತಿತ್ತು. ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು. ಬೇರೆ ದಾರಿ ಕಾಣದೆ ನಾನು, ನಮ್ಮವರು, ಅತ್ತೆ, ಪುಟ್ಟಿ ನಾಲ್ವರೂ ಅಡುಗೆಮನೆಯಲ್ಲಿ ಹಾಸಿಗೆ ಹಾಸಿಕೊಂಡು, ಲಗೇಜು ಜೋಡಿಸಿದ ಹಾಗೆ ಮಲಗಿದೆವು. ನಮ್ಮವರು ಮಗ್ಗಲು ಬದಲಿಸಿದಾಗಲೆಲ್ಲ ಒಂದೊಂದು ಪಾತ್ರೆ ಉರುಳುತ್ತಿತ್ತು. ಇನ್ನೊಂದು ಚಳಿಗಾಲವನ್ನು ಮಗಳ ಎದೆಗೆ ಕಿವಿಯಿಟ್ಟುಕೊಂಡು ಕಳೆಯಲಾರೆ ಎಂದು ಅವತ್ತೇ ತೀರ್ಮಾನಿಸಿದ್ದೆ.

ಒಲೆಯ ಮಾತೆತ್ತಿದ ಕೂಡಲೇ ನಮ್ಮವರು ಅಂಗಿಯ ತೋಳು ಮಡಚಿದರು.

“ಒಲೆ ತಾನೇ? ನಾನೇ ಕೂರಿಸ್ತೀನಿ ಬಿಡು. ವಿಡಿಯೊ ನೋಡಿದೀನಿ.”

“ಗೋಡೆಗೆ ಗಡಿಯಾರ ಹಾಕೋಕೂ ವಿಡಿಯೊ ನೋಡಿದ್ರಿ. ಅದೀಗ ನೆಲದ ಮೇಲಿದೆ.”

“ನೆಲದ ಮೇಲಿದ್ರೂ ಟೈಮ್ ಸರಿಯಾಗೇ ತೋರಿಸ್ತಿದೆಯಲ್ಲೇ.”

“ಒಲೆ ಗಡಿಯಾರ ಅಲ್ಲ ರೀ. ಹೊಗೆ ಕೊಳವೆ ಸೂರು ದಾಟಿ ಮೇಲೆ ಹೋಗ್ಬೇಕು. ನಿಮ್ಮ ಕೈಗೆ ಕೊಟ್ರೆ ಅದು ಪಕ್ಕದ ಮನೆ ಬೆಡ್‌ರೂಮಿಗೆ ಹೋಗುತ್ತೆ.”

ಹೀಗೆ ಗಂಡನನ್ನು ಒಲೆಯಿಂದ ಮೊದಲ ಹಂತದಲ್ಲೇ ದೂರವಿಟ್ಟು, ಲೈಸೆನ್ಸ್ ಇರುವ ಮೇಸ್ತ್ರಿಯನ್ನೇ ಕರೆಸಿದೆ. ಅವರು ಒಲೆಯ ಅಡಿಗೆ ಅದಕ್ಕಿಂತ ಅಗಲವಾದ ಕಲ್ಲುಚಪ್ಪಡಿ ಹಾಕಿದರು. ಪುಸ್ತಕದ ಮರದ ಕಪಾಟನ್ನು ಆಚೆ ಗೋಡೆಗೆ ಸರಿಸಲು ಹೇಳಿದರು. ಪುಟ್ಟಿಯ ಕೈ ತಾಗದಂತೆ ಸುತ್ತ ಕಬ್ಬಿಣದ ತಡೆ ನಿಲ್ಲಿಸಿದರು. ವಿಷಗಾಳಿ ತುಂಬಿದರೆ ಕಿರುಚುವ ಅಲಾರಾಂ ಒಂದನ್ನು ಗೋಡೆಗೆ ಬಿಗಿದರು. ಎಲ್ಲವನ್ನೂ ಬೆನ್ನ ಹಿಂದೆ ಕೈಕಟ್ಟಿಕೊಂಡು, ಸೇತುವೆ ಕಾಮಗಾರಿ ಪರಿಶೀಲಿಸುವ ಮಂತ್ರಿಯ ಹಾಗೆ ನಾನು ನೋಡುತ್ತಿದ್ದೆ. ಕೊನೆಗೆ ಅವರು ಡ್ರಿಲ್ಲಿಂಗ್ ಮೆಷಿನ್ ಎತ್ತಿಕೊಂಡು ಹೊರಗೋಡೆಯ ಬುಡದಲ್ಲಿ ದುಂಡಗೆ ಒಂದು ತೂತು ಕೊರೆದರು. ತಣ್ಣನೆಯ ಗಾಳಿ ನೇರವಾಗಿ ಅತ್ತೆಯ ಮಂಡಿಗೇ ಬಂದು ತಗುಲಿತು.

“ಏನಪ್ಪಾ, ಮನೆ ಬೆಚ್ಚಗಾಗ್ಲಿ ಅಂತ ನಿನ್ನ ಕರೆಸಿದ್ರೆ, ಗೋಡೆ ಕೊರೆದು ಚಳೀನೇ ಒಳಗೆ ಕರೀತಿದೀಯಲ್ಲ?” ಎಂದರು ಅತ್ತೆ.

“ಇದು ಗಾಳಿಕಿಂಡಿ ಅಜ್ಜಿ. ಬೆಂಕಿ ಉರೀಬೇಕು ಅಂದ್ರೆ ಗಾಳಿ ಬೇಕು. ಇಲ್ದಿದ್ರೆ ಹೊಗೆ ಮೇಲೆ ಹೋಗೋ ಬದ್ಲು ನಿಮ್ಮ ಹತ್ರಾನೇ ಬರುತ್ತೆ.”

“ಹೊಗೆ ಬಂದ್ರೆ ಕಿಟಕಿ ತೆಗೀಬಹುದು. ಚಳಿ ಬಂದ್ರೆ ಮಂಡಿ ತೆಗೆದಿಡೋಕಾಗುತ್ತಾ?”

ಮೇಸ್ತ್ರಿ ಕಿಂಡಿಗೆ ಒಳಗೊಂದು, ಹೊರಗೊಂದು ಜಾಲರಿ ಹಾಕಿದರು. ಹೋಗುವಾಗ ನನಗೆ ಹೇಳಿದ್ದು ಎರಡೇ ಮಾತು. ತಪಾಸಣೆಯವರು ಬಂದು ನೋಡಿ ಸಹಿ ಹಾಕುವ ತನಕ ಒಲೆ ಹೊತ್ತಿಸಬಾರದು. ಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ತಪಾಸಣೆಯವರು ಶುಕ್ರವಾರ ಬರುತ್ತಾರೆಂದು ಗೊತ್ತಾಯಿತು. ಅಂದು ಫೇಲಾದರೆ ನಮ್ಮ ಸರದಿ ಮತ್ತೆ ಬರುವಷ್ಟರಲ್ಲಿ ಸ್ವೆಟರುಗಳನ್ನೆಲ್ಲ ಒಗೆದು ಒಳಗಿಡುವ ಕಾಲ ಬಂದಿರುತ್ತಿತ್ತು. ಅಂದರೆ ಮತ್ತೆ ಅಡುಗೆಮನೆ, ಮತ್ತೆ ಉರುಳುವ ಪಾತ್ರೆ, ಮತ್ತೆ ಆ ಗೊರಗೊರ. ಅದನ್ನು ನೆನೆಸಿಕೊಂಡೇ ನಾನು ಮನೆಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ್ದು.

ನಮ್ಮವರು ಸೌದೆಯ ರಾಶಿಗೆ ಮುರಿದ ನೀಲಿ ಕುರ್ಚಿಯ ಕಾಲು ಸೇರಿಸಿದ್ದರು. ಎತ್ತಿ ಆಚೆ ಎಸೆದೆ. “ಬಣ್ಣ ಬಳಿದ ಮರ, ಹಸಿ ಕಟ್ಟಿಗೆ, ಪ್ಲಾಸ್ಟಿಕ್ಕು ಯಾವುದೂ ಈ ಒಲೆಗೆ ಹಾಕೋ ಹಾಗಿಲ್ಲ. ವಿಷದ ಹೊಗೆ ಬರುತ್ತೆ” ಎಂದು ಮನೆಮಂದಿಗೆಲ್ಲ ಪಾಠ ಮಾಡಿದೆ. ದೊಡ್ಡವರಿಬ್ಬರೂ ಆಕಳಿಸಿದರು. ಪುಟ್ಟಿ ಮಾತ್ರ ಬೆರಳೆತ್ತಿ “ಪಾಸ್ಟಿಕ್ಕು ಒಲೆಗೆ ಹಾಕ್ಬಾದು” ಎಂದು ಕಲಿತಳು. ಆಮೇಲೆ ಅದನ್ನು ಹಾಲಿನವನಿಗೂ ಪೋಸ್ಟಿನವನಿಗೂ ಹೇಳಿಕೊಂಡು ಓಡಾಡಿದಳು. ತಾಯಿಯ ಹೃದಯ ಉಬ್ಬಿತು.

ಮಾರನೆಯ ದಿನ ಹೊರಗೆ ಹೋಗಿ ನೋಡಿದರೆ, ನಮ್ಮವರು ಸೌದೆಯನ್ನೆಲ್ಲ ಬಹಳ ಚೆಂದವಾಗಿ ಗೋಡೆಗೆ ಒಟ್ಟಿದ್ದರು, ಸರಿಯಾಗಿ ಗಾಳಿಕಿಂಡಿಯ ಮುಂದೆ.

“ರೀ, ಕಿಂಡಿ ಎಲ್ಲಿ?”

“ಸೌದೆ ಹಿಂದೆ ಭದ್ರವಾಗಿದೆ.”

“ಅದೇ ತಪ್ಪು. ಎತ್ತಿ ಎಲ್ಲಾನೂ.”

ಬೆನ್ನು ಹಿಡಿದುಕೊಂಡು ಅಷ್ಟೂ ಸೌದೆಯನ್ನು ಅವರು ಅಂಗಳದ ಇನ್ನೊಂದು ಮೂಲೆಗೆ ಸಾಗಿಸಿದರು. ಮತ್ತೆ ಯಾರೂ ಈ ತಪ್ಪು ಮಾಡಬಾರದೆಂದು ನಾನು ಟೀ ತಟ್ಟೆಯಷ್ಟು ಅಗಲದ ರಟ್ಟಿನ ಮೇಲೆ ಕೆಂಪಕ್ಷರದಲ್ಲಿ ಎಚ್ಚರಿಕೆ ಬರೆದೆ. ಮಳೆಗೆ ನೆನೆಯದಂತೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದೆ. ನೋಡಿದವರ ಕಣ್ಣಿಗೆ ಥಟ್ಟನೆ ಬೀಳುವ ಜಾಗ ಹುಡುಕಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ತಂತಿ ಬಿಗಿದು ಕಟ್ಟಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಸರ್ಕಾರಿ ಕಚೇರಿಗೂ ಇಂಥ ಬೋರ್ಡು ಇರಲಿಕ್ಕಿಲ್ಲ ಅನಿಸಿತು.

ಆ ವಾರ ಮನೆಯಲ್ಲಿ ಇನ್ನೊಂದು ಸಂಕಟ ಎದುರಾಯಿತು. ಪುಟ್ಟಿಯ ಬಟ್ಟೆಯ ಮೊಲ ಕಾಣೆಯಾಯಿತು. ಒಂದು ಕಿವಿ ಕಿತ್ತುಹೋದ, ಮೂಲ ಬಣ್ಣ ಯಾರಿಗೂ ನೆನಪಿಲ್ಲದ ಆ ಮೊಲವಿಲ್ಲದೆ ಅವಳು ಮಲಗುವುದಿಲ್ಲ. ಹಾಸಿಗೆ ಝಾಡಿಸಿದೆ, ವಾಷಿಂಗ್ ಮೆಷಿನ್ನಿನೊಳಗೆ ತಲೆ ಹಾಕಿದೆ. “ಮೊಲ ಎಲ್ಲಿ ಕಂದಾ?” ಎಂದರೆ “ತಾಚಿ” ಎನ್ನುತ್ತಾಳೆ. ಎಲ್ಲಿ ಮಲಗಿದೆ ಎಂದು ಕೇಳಿದರೆ “ಮನೇಲಿ” ಎನ್ನುತ್ತಾಳೆ. ಯಾರ ಮನೆ ಎಂದು ಕೇಳಿದರೆ ನಗುತ್ತಾಳೆ.

ಶುಕ್ರವಾರ ತಪಾಸಣೆಯವರು ಬಂದರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಟಾರ್ಚು, ಮುಖದಲ್ಲಿ ಯಾರನ್ನೂ ನಂಬದ ಕಳೆ. ಬೇರೆಯವರು ತಾವು ಗೆದ್ದ ಕಪ್ಪುಗಳ ಕತೆ ಹೇಳುವ ಹಾಗೆ ಇವರು ತಾವು ಫೇಲ್ ಮಾಡಿದ ಒಲೆಗಳ ಕತೆ ಹೇಳಿದರು.

“ಹೋದ ವಾರ ಒಬ್ರ ಮನೇಲಿ ಒಲೆಗೂ ಪರದೆಗೂ ಗೇಣು ದೂರ. ಫೇಲ್ ಮಾಡಿ ಬಂದೆ. ಟೀ ಕೂಡ ಕುಡೀಲಿಲ್ಲ.”

“ನಮ್ಮನೇಲಿ ಕುಡೀತೀರಿ ನೋಡಿ” ಎಂದೆ, ತಲೆಯೆತ್ತಿ.

ಅಲ್ಲಿಂದ ಮುಂದೆ ಮನೆಮಂದಿಯ ವರ್ತನೆ ವಿಚಿತ್ರವಾಯಿತು.

“ನೀನು ಹೋಗಿ ಟೀ ಮಾಡು. ಅಮ್ಮಾ, ನೀನೂ ಜೊತೆಗೆ ಹೋಗು, ಸಕ್ಕರೆ ಎಲ್ಲಿದೆ ಅಂತ ಇವಳಿಗೆ ಗೊತ್ತಿಲ್ಲ” ಎಂದರು ನಮ್ಮವರು. ನನ್ನ ಅಡುಗೆಮನೆಯ ಸಕ್ಕರೆ ಎಲ್ಲಿದೆಯೆಂದು ನನಗೆ ಗೊತ್ತಿಲ್ಲವಂತೆ!

“ನೀನೇ ಹೋಗಪ್ಪ. ನಂಗೆ ಮಂಡಿ ಹಿಡಿದಿದೆ, ಏಳೋಕಾಗಲ್ಲ” ಎಂದ ಅತ್ತೆ, ಗಾಳಿಕಿಂಡಿಯ ಮುಂದೆಯೇ ಸ್ಟೂಲ್ ಎಳೆದುಕೊಂಡು, ಶಾಲು ಹರಡಿಕೊಂಡು ಕೂತರು. ಇಷ್ಟು ದಿನ ಆ ಮೂಲೆಯ ಹೆಸರೆತ್ತಿದರೆ ಸಿಡುಕುತ್ತಿದ್ದವರು ಇವರೇನಾ? ನನ್ನ ಪಾಠ ಕೊನೆಗೂ ತಲೆಗೆ ಹತ್ತಿತಲ್ಲ ಎಂದು ನಾನು ಸಂತೋಷಪಟ್ಟೆ.

ತಪಾಸಣೆಯವರು ಚಪ್ಪಡಿ ಅಳೆದರು, ಕೊಳವೆ ತಟ್ಟಿದರು, ಅಲಾರಾಂ ಒತ್ತಿ ಕೂಗಿಸಿದರು. ಎಲ್ಲದಕ್ಕೂ ತಲೆಯಾಡಿಸಿದರು. ನಂತರ ಬಾಗಿಲು ಕಿಟಕಿ ಮುಚ್ಚಿಸಿ, ಒಲೆಯಲ್ಲಿ ಚಿಕ್ಕ ಬೆಂಕಿ ಮಾಡಿ, ಅದು ಕಾದ ಮೇಲೆ ಹೊಗೆಕಡ್ಡಿಯೊಂದನ್ನು ಒಲೆಯ ಬಾಯಿಗೆ ಹಿಡಿದರು. ಹೊಗೆ ಒಳಗೆ ಹೋಗಬೇಕಿತ್ತು. ಅದು ಒಲೆಯ ಬಾಗಿಲ ತನಕ ಹೋಗಿ, ಏನೋ ಮರೆತುಬಂದವರ ಹಾಗೆ ತಿರುಗಿ, ನಿಧಾನವಾಗಿ ನಮ್ಮ ಕಡೆಗೇ ಬಂತು.

“ಕಿಟಕಿ ತೆಗೀರಿ” ಎಂದರು ಅವರು. “ಒಲೆಗೆ ಗಾಳಿ ಇಲ್ಲ. ಹೀಗೇ ಉರಿಸ್ಕೊಂಡು ಮಲಗಿದ್ರೆ ವಿಷಗಾಳಿ ತುಂಬ್ಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಲಾರಾಂ ಇದೆ ನಿಜ, ಆದ್ರೆ ಅದನ್ನೇ ನಂಬ್ಕೊಂಡು ನಾನು ಸಹಿ ಹಾಕಲ್ಲ.”

ಪುಟ್ಟಿಯನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತೆ. ಅವಳು ನನ್ನ ಭುಜದ ಮೇಲೆ ಒಂದು ಸಲ ಕೆಮ್ಮಿದಳು. ನನ್ನ ಮಂತ್ರಿಗಿರಿಯೆಲ್ಲ ಅಲ್ಲೇ ಕುಸಿಯಿತು.

“ಗಾಳಿಕಿಂಡಿ ಎಲ್ಲಿ?” ಎಂದು ತಪಾಸಣೆಯವರು ಕೇಳಿದರು. ನಮ್ಮವರ ಕಣ್ಣು ಅತ್ತೆಯ ಸ್ಟೂಲಿನ ಕಡೆ ಹೋಯಿತು. “ಅಜ್ಜಿ, ಸ್ವಲ್ಪ ಏಳ್ತೀರಾ?”

“ಮಂಡಿ...”

“ಅತ್ತೆ, ಏಳಿ” ಎಂದೆ.

ಅವರು ಎದ್ದರು. ತಪಾಸಣೆಯವರು ಜಾಲರಿ ಬಿಚ್ಚಿ ಕೈ ಹಾಕಿದರು. ಮೊದಲು ಬಂದದ್ದು ನಮ್ಮವರ ಬೂದು ಬಣ್ಣದ ಕಾಲುಚೀಲ.

“ಗಾಳಿ ಕೊಳಲೂದ್ತಿತ್ತು ಕಣೇ. ಫೋನಲ್ಲಿ ಮಾತಾಡುವಾಗ ಆಫೀಸಿನವರೆಲ್ಲ ಏನದು ಅಂತ ಕೇಳ್ತಿದ್ರು” ಎಂದರು ನಮ್ಮವರು. “ಇವತ್ತು ತೆಗೀಬೇಕು ಅಂತಾನೇ ಇದ್ದೆ. ಅಮ್ಮ ಎದ್ದರೆ ತಾನೇ?”

ಮತ್ತೆ ಕೈ ಹಾಕಿದರು. ಉಂಡೆ ಕಟ್ಟಿದ ಉಣ್ಣೆಬಟ್ಟೆಯ ತುಂಡೊಂದು ಬಂತು.

“ನೋಡಮ್ಮ, ನಾನು ಪೂರ್ತಿ ಮುಚ್ಚಿರ್ಲಿಲ್ಲ” ಎಂದರು ಅತ್ತೆ. “ನನ್ನ ಮಂಡಿಗೆ ಬರೋ ಅಷ್ಟು ಗಾಳೀನ ಮಾತ್ರ ತಡೆದಿದ್ದೆ.”

ಮೂರನೆಯ ಸಲ ಬಂದದ್ದು ಒಂದೇ ಕಿವಿಯ ಮೊಲ.

“ತಾಚಿ ಆಯ್ತು” ಎಂದು ಪುಟ್ಟಿ ನನ್ನ ಕಂಕುಳಿನಿಂದಲೇ ಎರಡೂ ಕೈ ಚಾಚಿದಳು. ಜಾಲರಿಯನ್ನು ತಿರುಗಿಸಿ ತೆಗೆಯುವುದನ್ನು ಮೇಸ್ತ್ರಿಯನ್ನು ನೋಡಿ ಕಲಿತಿರಬೇಕು. ಮೊಲವನ್ನು ಅದರ ಮನೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿದ್ದಳು.

ಆಗ ನಾನು ನಿಂತ ಭಂಗಿಯನ್ನು ಯಾರಾದರೂ ಶಿಲ್ಪಿ ನೋಡಬೇಕಿತ್ತು. “ಮನೇಲಿ ಒಬ್ಬಳು ಹಗಲೂ ರಾತ್ರಿ ಬಡ್ಕೊಳ್ತಿದಾಳೆ, ಮುಚ್ಚಬೇಡಿ, ಮುಚ್ಚಬೇಡಿ ಅಂತ. ಕೇಳಿದವರು ಯಾರು? ಮಗುವಿಗೇನೋ ಬುದ್ಧಿ ಇಲ್ಲ. ನಿಮಗೆ?” ತಾಯಿ ಮಗ ಇಬ್ಬರೂ ತಲೆ ತಗ್ಗಿಸಿದರು. ಅಂಥ ದೃಶ್ಯ ಮದುವೆಯಾದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಮತ್ತೆ ಕಿಟಕಿ ಮುಚ್ಚಿ ಹೊಗೆಕಡ್ಡಿ ಹಿಡಿದರು. ಹೊಗೆ ಅರ್ಧ ಒಳಗೆ ಹೋಯಿತು. ಇನ್ನರ್ಧ ಮತ್ತೆ ಹೊರಗೆ ಬಂತು.

“ಇನ್ನೂ ಸಾಲ್ದು.” ತಪಾಸಣೆಯವರು ನೆಲಕ್ಕೆ ಬಗ್ಗಿ ಕಿಂಡಿಯೊಳಗೆ ಕಣ್ಣಿಟ್ಟರು. “ಒಳಗೆ ಖಾಲಿ. ಆದ್ರೆ ಆ ತುದೀಲಿ ಬೆಳಕೇ ಕಾಣ್ತಿಲ್ಲ. ಹೊರಗೆ ಏನೋ ಅಡ್ಡ ಇದೆ.”

“ಸಾಧ್ಯವೇ ಇಲ್ಲ. ಅದಕ್ಕೆ ಗ್ಯಾರಂಟಿ ನಾನು ಕೊಡ್ತೀನಿ ಸಾರ್. ಅಡ್ಡ ಇಡಬಾರದು ಅಂತ ನಾನೇ ಅಲ್ಲಿ ದೊಡ್ಡದಾಗಿ ಬೋರ್ಡು ಕಟ್ಟಿ...”

ಆ ಮಾತು ನನ್ನ ಬಾಯಿಂದ ಹೊರಟು ನನ್ನ ಕಿವಿಯನ್ನು ತಲುಪಿತು. ಟೀ ತಟ್ಟೆಯಷ್ಟು ಅಗಲ. ನಾಲ್ಕು ಮೂಲೆಗೆ ತಂತಿ. ಇಟ್ಟಿಗೆ ಗೋಡೆಯಲ್ಲಿ ತಂತಿ ಕಟ್ಟಲು ಸಿಗುವುದೇನಿದ್ದರೂ ಜಾಲರಿಯ ಕಂಬಿಗಳು ಮಾತ್ರ.

“ನೀವೆಲ್ಲ ಇಲ್ಲೇ ಇರಿ” ಎಂದೆ. “ಟೀ ಕುಡೀರಿ. ಹೊರಗೆ ಚಳಿ. ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ.”

ಮಂಡಿ ಹಿಡಿದಿದ್ದ ಅತ್ತೆ ಎಲ್ಲರಿಗಿಂತ ಮೊದಲು ಬಾಗಿಲು ದಾಟಿದರು.

ಗೋಡೆಯ ಮುಂದೆ ಐವರೂ ಸಾಲಾಗಿ ನಿಂತೆವು. ಕಿಂಡಿ ಕಾಣುತ್ತಿರಲಿಲ್ಲ. ಅದರ ಮೇಲೆ ಬಿಗಿಯಾಗಿ, ಅಂಚಿನ ಸಂದಿಯಲ್ಲಿ ಒಂದೆರಡು ಎಳೆ ಗಾಳಿಯಷ್ಟೇ ನುಸುಳುವಂತೆ ನನ್ನ ಬೋರ್ಡು ಕೂತಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಪದವನ್ನು ಬಿಡಿಸಿ, ಬೀದಿಗೆಲ್ಲ ಕೇಳುವಂತೆ ಓದಿದರು.

“ಈ... ಗಾಳಿಕಿಂಡಿಗೆ... ಅಡ್ಡವಾಗಿ... ಏನನ್ನೂ... ಇಡಕೂಡದು.” ನನ್ನ ಕಡೆ ತಿರುಗಿದರು. “ಅಕ್ಷರ ಮಾತ್ರ ಮುತ್ತಿನ ಹಾಗಿದೆಯಮ್ಮ.”

ತಪಾಸಣೆಯವರು ಕನ್ನಡಕ ತೆಗೆದು ಒರೆಸಿದರು. “ಕಾಲುಚೀಲ ನೋಡಿದೀನಿ, ಬಟ್ಟೆ ನೋಡಿದೀನಿ, ಹಕ್ಕಿಗೂಡು ನೋಡಿದೀನಿ. ಇದು ಹೊಸದು ಮೇಡಂ. ಮುಂದಿನ ಮನೆಗಳಲ್ಲಿ ಹೇಳೋಕೆ ಒಳ್ಳೇ ಕತೆ ಆಯ್ತು.”

ನಮ್ಮವರು ಸೌದೆ ಸಾಗಿಸಿದ ಬೆನ್ನನ್ನು ಸುಮ್ಮನೆ ಒಮ್ಮೆ ನೀವಿಕೊಂಡರು.

ತಂತಿ ಕತ್ತರಿಸಿ ಬೋರ್ಡು ಕೆಳಗಿಳಿಸಿದ ಮೇಲೆ ಹಿಡಿದ ಹೊಗೆಕಡ್ಡಿಯ ಹೊಗೆ, ಯಾರೋ ದಾರ ಹಿಡಿದು ಎಳೆದಂತೆ ಸುಯ್ಯೆಂದು ಒಲೆಯೊಳಗೆ ಹೋಯಿತು. ತಪಾಸಣೆಯವರು ಸಹಿ ಹಾಕಿದರು, ಟೀ ಕುಡಿದರು, ಇನ್ನೊಂದು ಲೋಟವನ್ನೂ ಕೇಳಿ ಕುಡಿದರು. ಅತ್ತೆಯ ಸ್ಟೂಲು ಕಿಂಡಿಯ ದಾರಿಯಿಂದ ಸರಿದು ಒಲೆಯ ಆಚೆ ಬದಿಗೆ ಹೋಯಿತು. ಅಲ್ಲಿ ಮಂಡಿಗೆ ಗಾಳಿ ತಗುಲುವುದಿಲ್ಲ ಎಂಬುದು ಅಷ್ಟು ದಿನ ನಮ್ಮ ನಾಲ್ವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ಹಾಲ್‌ನಲ್ಲಿ ಮೊದಲ ಸಲ ಎಲ್ಲರೂ ಸ್ವೆಟರ್ ಬಿಚ್ಚಿ ಕೂತೆವು. ಪುಟ್ಟಿ ಮೊಲವನ್ನು ಅವುಚಿಕೊಂಡು ಅಜ್ಜಿಯ ತೊಡೆಯ ಮೇಲಿದ್ದಳು. ಅವಳ ಬೆನ್ನಿಗೆ ಕಿವಿಯಿಟ್ಟೆ. ಉಸಿರು ಹಗುರವಾಗಿ, ಸದ್ದಿಲ್ಲದೆ ಹೋಗಿಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅಷ್ಟೇ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಮೂಲೆಯಲ್ಲಿ ಆ ಬೋರ್ಡು ನನ್ನನ್ನೇ ನೋಡುತ್ತ ನಿಂತಿತ್ತು. ಬೀದಿಯವರು ಓದುವ ಮೊದಲು ಕತೆ ಮುಗಿಸಿಬಿಡೋಣ ಎಂದು ಯಾರಿಗೂ ಕಾಣದಂತೆ ಅದನ್ನೆತ್ತಿಕೊಂಡು ಮೆಲ್ಲನೆ ಒಲೆಯ ಬಾಗಿಲಿಗೆ ಕೈ ಹಾಕಿದೆ.

ಅಜ್ಜಿಯ ತೊಡೆಯಿಂದ ಒಂದು ಪುಟ್ಟ ಬೆರಳು ಮೇಲೆದ್ದಿತು.

“ಅಮ್ಮಾ, ಪಾಸ್ಟಿಕ್ಕು ಒಲೆಗೆ ಹಾಕ್ಬಾದು.”

ಬೋರ್ಡು ಈಗ ನನ್ನ ಡೈರಿಯ ಅಡಿಗೆ ಇದೆ, ಬರೆಯಲು ಗಟ್ಟಿಯಾದ ಆಸರೆ. ಇವತ್ತಿನ ಪುಟ ಬರೆದದ್ದೂ ಅದರ ಮೇಲೆಯೇ. ಯಾವುದರ ಕೆಳಗೂ ಗೆರೆ ಎಳೆದಿಲ್ಲ.