ರಂಜಾನಿಗೆ ಉಳಿಯುವ ಗಣಿತ ಮಾಸ್ತರು

ಬನಹಟ್ಟಿಯ ನಮ್ಮ ಇಸ್ಲಾಮಿ ಶಾಲೆಯಲ್ಲಿ ಮಾಸ್ತರರನ್ನು ಹೊಂದಿಸುವ ಕೆಲಸ ನನ್ನದು. ಹೊಂದಿಸಿದ್ದು ವರ್ಷಕ್ಕೊಮ್ಮೆ ಕೆಡುತ್ತದೆ. ಕೆಡಿಸಲು ಮಾತ್ರ ಯಾರನ್ನೂ ನೇಮಿಸಬೇಕಾಗಿ ಬಂದಿಲ್ಲ.

೧. ಒಬ್ಬ ಆಳು, ಎರಡು ಮಗ್ಗ

ನಮ್ಮ ಚೇರ್ಮನ್ ಸಾಹೇಬರು ಪಾವರ್‌ಲೂಮ್ ಮಾಲೀಕರು. ಒಬ್ಬ ಆಳು ಎರಡು ಮಗ್ಗ ನೋಡುವುದು ಅವರಿಗೆ ರೂಢಿ.

"ಗಣಿತಕ್ಕ ಒಬ್ಬರು, ಕುರಾನಿಗೆ ಒಬ್ಬರು ಯಾಕ ಬೇಕ್ರಿ? ಗಣಿತ ಬರೋ ಹಾಫಿಜರನ್ನ ಹುಡುಕ್ರಿ" ಎಂದರು.

ಕುರಾನನ್ನು ಪೂರ್ತಿ ಕಂಠಪಾಠ ಮಾಡಿದವರು ಹಾಫಿಜರು. ಹುಡುಕಿದೆ, ಸಿಕ್ಕರು. ಅವರ ದನಿ ಒಮ್ಮೆ ಕೇಳಿದವರು ಬಿಟ್ಟುಕೊಡುವಂತಿರಲಿಲ್ಲ. ಬಿಟ್ಟುಕೊಡಲೂ ಇಲ್ಲ. ರಂಜಾನ್ ಬಂದೊಡನೆ, ತಿಂಗಳಿಡೀ ರಾತ್ರಿ ಕುರಾನ್ ಪೂರ್ತಿ ಓದುವ ತರಾವೀಹ್ ನಮಾಜ್ ಮಾಡಿಸಲು ಗೋವಾದ ಮಸೀದಿಯವರು ಕರೆದೊಯ್ದರು. ಮುಂದೆಯೇ ಹತ್ತನೆಯ ತರಗತಿಯ ಪರೀಕ್ಷೆ. ನಮ್ಮ ಹುಡುಗರು ತ್ರಿಕೋನಮಿತಿಯನ್ನು ದೇವರ ಮುಂದಿನ ದುವಾಕ್ಕೆ ಬಿಟ್ಟರು.

೨. ದನಿಯ ಪರೀಕ್ಷೆ

ಮರುವರ್ಷ ನಾನು ಜಾಣನಾದೆ. ಸಂದರ್ಶನಕ್ಕೆ ಬಂದ ಹಾಫಿಜರಲ್ಲಿ ದನಿ ಒಡೆದವರನ್ನೇ ಆರಿಸಿದೆ.

"ಇವರು ಮಾತಾಡಿದ್ರ ನೂಲಿನ ಕಂಡಿಕಿ ಸುತ್ತೋ ಮಷೀನ್ ಚಾಲೂ ಆದಂಗ ಆಗತೈತಲ್ರಿ!" ಎಂದರು ಸಾಹೇಬರು.

"ಅದಕ್ಕ ತಗೊಂಡೇನ್ರಿ" ಎಂದೆ.

ರಂಜಾನಿಗೆ ಇಚಲಕರಂಜಿಯ ಮಗ್ಗದವರು ಜೀಪು ತಂದು ನಿಲ್ಲಿಸಿದರು. "ಇವರ ದನಿ ಕೇಳೀರೇನ್ರಿ?" ಎಂದು ಕೇಳಿದೆ.

"ದನಿ ಇರಲಿ ಬಿಡ್ರಿ. ಭಾಳ ಫಾಸ್ಟ್ ಓದ್ತಾರ. ನಮಾಜ್ ಮುಗಿಸಿ ನಾವು ರಾತ್ರಿ ಪಾಳಿಗೆ ಹೋಗಬೇಕಲ್ರಿ!"

೩. ಯಾರೂ ಒಯ್ಯದ ಮಾಸ್ತರು

ಈ ವರ್ಷವೂ ಮಾಸ್ತರು ಇರದಿದ್ದರೆ ಮಕ್ಕಳನ್ನು ಬಿಡಿಸುತ್ತೇವೆಂದು ಪಾಲಕರು ಹೇಳಿಹೋಗಿದ್ದರು. ಮಕ್ಕಳ ಹಿಂದೆಯೇ ನನ್ನ ನೌಕರಿಯೂ ಹೊರಡುವುದಿತ್ತು.

"ಕುರಾನಿಗೆ ಬ್ಯಾರೆ ಮೌಲಾನಾ ಇರಲಿ" ಎಂದು ಸಾಹೇಬರಿಗೆ ಗಟ್ಟಿಯಾಗಿ ಹೇಳಿದೆ. "ಗಣಿತಕ್ಕ ರಬಕವಿ ನೇಕಾರರ ಮನಿಯವರೊಬ್ಬರು ಅದಾರ. ಹಿಂದೂಗಳು. ಅವರನ್ನ ಯಾವ ಮಸೀದಿಯವರೂ ಒಯ್ಯಂಗಿಲ್ರಿ."

ಸಾಹೇಬರು ನಕ್ಕು ಒಪ್ಪಿದರು. ವರ್ಷವಿಡೀ ಪಾಠ ಛಲೋ ನಡೆಯಿತು. ರಂಜಾನ್ ಹತ್ತಿರ ಬಂದಾಗ ಪಾಲಕರೂ ನನಗೆ ನಮಸ್ಕಾರ ಮಾಡತೊಡಗಿದ್ದರು. ಅಂಥ ಒಂದು ಮಧ್ಯಾಹ್ನ, ಸಾಹೇಬರೂ ನಾನೂ ಕೂತಿದ್ದಾಗ, ಆ ಮಾಸ್ತರು ಆಫೀಸಿನ ಬಾಗಿಲಲ್ಲಿ ನಿಂತರು.

"ಸರ್, ರಂಜಾನ್ ತಿಂಗಳ ರಜಾ ಬೇಕಾಗಿತ್ರಿ."

"ನಿಮಗ್ಯಾಕ್ರಿ?!" ಎಂದೆ.

"ಜಮಖಂಡಿ, ಮುಧೋಳ, ಬೀಳಗಿ ಇಸ್ಲಾಮಿ ಸಾಲಿ ಗಣಿತದವರೆಲ್ಲಾ ಹಾಫಿಜರು, ತರಾವೀಹ್‌ಗೆ ಹೊಂಟಾರ್ರಿ. ಅಲ್ಲೂ ಪರೀಕ್ಷಾ ಬಂದಾವಲ್ರಿ, ಮೂರೂ ಸಾಲಿಯವರು ನನ್ನನ್ನ ಕರದಾರ. ಇದೂ ಸೇರಿ ನಾಕೂ ಕಡೆ ತಿರಗಾಕ ಬಸ್ಸಿನ ಟೈಮ್ ಹೊಂದಂಗಿಲ್ರಿ, ಅದಕ್ಕ ಇಲ್ಲಿ ರಜಾ."

ಸಾಹೇಬರು ಕನ್ನಡಕ ಮೇಲೇರಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಸಣ್ಣ ದನಿಯಲ್ಲಿ ಕೇಳಿದರು:

"ಖರೆ ಹೇಳ್ರಿ, ಇವರೂ ಹಾಫಿಜರೇನ್ರಿ?"